ಬಸಣ್ಣ ಮಾಸ್ತರರು ಬಿಟ್ಟ ಗೋಲು

ಬಸಣ್ಣ ಮಾಸ್ತರರ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ತಂಬಿಗೆ ಹಿಡಿದರೆ ಅವೆರಡೂ ಕಡ್ಡಿಯಂತೆ ಹೊರಗೇ ನಿಲ್ಲುತ್ತಿದ್ದವು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಆಳಂದದ ಸಾಲೆಯಲ್ಲಿ ನಾನು ಲೆಕ್ಕ ಕಲಿಸುತ್ತಿದ್ದೆ, ಅವರು ಡ್ರಿಲ್. ಅದಕ್ಕೂ ಮೊದಲು ಅವರು ಹೈದರಾಬಾದಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್ ಆಗಿ, ಮುಂಬಯಿಯಲ್ಲಿ ದೇಶದ ದೊಡ್ಡ ಕಪ್ಪಿನ ಫೈನಲ್ ಆಡಿದ್ದರು. ಪ್ಯಾಟಿಯಲ್ಲಿ ತೊಗರಿ ವ್ಯಾಪಾರಿಗಳು ಅದನ್ನು ಕೇಳಿದರೆ ಮಾಸ್ತರರು, "ಸೋತಿವ್ರಿ" ಎಂದು ಎದ್ದುಬಿಡುತ್ತಿದ್ದರು. ಮೈದಾನದಲ್ಲಿ ಮಾತ್ರ ಹುಡುಗರಿಗೆ ದಿನವೂ ಒಂದೇ ಪಾಠ: "ಬಾಲ್ ಯಾರದು ಅಂತ ಬಾಯಿ ಬಿಟ್ಟು ಹೇಳ್ರಲೇ. ಸುಮ್ಮ ನಿಂತ್ರ ಇಬ್ಬರೂ ಕೆಡ್ತೀರಿ."

ಒಂದು ಶುಕ್ರವಾರ, ಸಾಲೆಗೆ ಸೂಟಿ ಇದ್ದ ದಿನ, ನಮ್ಮ ಕಟ್ಟೆಯ ಮೇಲೆ ಕೂತು ತಾವಾಗಿಯೇ ಹೇಳಿದರು. ಸೆಮಿಫೈನಲ್‌ನಲ್ಲಿಯೇ ಬೆರಳು ಮುರಿದಿದ್ದವಂತೆ. ಗೊತ್ತಾದರೆ ಬೇರೆಯವನನ್ನು ನಿಲ್ಲಿಸುತ್ತಾರೆಂದು ಬಟ್ಟೆ ಸುತ್ತಿಕೊಂಡು ಮುಚ್ಚಿಟ್ಟರಂತೆ. ಫೈನಲ್ ಮುಗಿಯಲು ಸ್ವಲ್ಪ ಹೊತ್ತಿತ್ತು, ಯಾರದೂ ಗೋಲಾಗಿರಲಿಲ್ಲ. ಕಲಕತ್ತೆಯ ಕ್ಲಬ್ಬಿನವರು ಎತ್ತರಕ್ಕೆ ಒದ್ದ ಚೆಂಡಿಗೆ ಬ್ಯಾಕ್ ಆಡುತ್ತಿದ್ದ ನೆಲೋಗಿಯ ಗುರಲಿಂಗಪ್ಪ ತಲೆ ಕೊಡಲು ಹೋದ.

"'ಬಿಡಲೇ ಗುರಲಿಂಗ, ನಂದು' ಅಂತ ಒದರಿದೆ. ಅಂವ ಬಿಟ್ಟ. ನನ್ನ ಕೈಯಾಗಿಂದ ಜಾರಿ ಗೋಲಿನ್ಯಾಗ ಬಿತ್ತು. ಬ್ಯಾಕ್ ಸುಮ್ಮ ನಿಂತ ಅಂತ ಕ್ಲಬ್ಬಿನವರು ಅವನ್ನ ತೆಗೆದುಹಾಕಿದ್ರು. ನಾ ಬಾಜೂಕ ಇದ್ದೆ. ಬಾಯಿ ತೆರೀಲಿಲ್ಲ."

"ಹೋಗಿ ಹೇಳಿ ಬರೋಣ ನಡೀರಿ" ಎಂದೆ. ಒಪ್ಪಲು ಅವರಿಗೆ ಎರಡು ವರ್ಷ ಬೇಕಾಯಿತು.

ನೆಲೋಗಿಯಲ್ಲಿ ಗುರಲಿಂಗಪ್ಪ ಹೊಲಕ್ಕೆ ಮುಳ್ಳುಬೇಲಿ ಕಟ್ಟುತ್ತಿದ್ದ. ಮಾಸ್ತರರು ಹೇಳುವುದನ್ನೆಲ್ಲ ಕೆಲಸ ನಿಲ್ಲಿಸದೆ ಕೇಳಿದ.

"ಕೈಗೆ ಬಟ್ಟಿ ಸುತ್ತಿದ್ದು ನಾ ನೋಡಿದ್ದೆ, ಬಸಣ್ಣ. ಆದ್ರೂ ನೀ 'ನಂದು' ಅಂದಿ ಅಂತ ಬಿಟ್ಟೆ. ವಾಪಸ್ ಬರೂಮುಂದ ರೈಲಿನ್ಯಾಗ ಹೇಳ್ತಿ ಅಂತ ಕಾದೆ. ಸೋಲಾಪುರ ದಾಟ್ತು, ಕಲಬುರ್ಗಿ ದಾಟ್ತು, ವಾಡಿ ಬಂತು. ನೀ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ದಿ. ಈಗ ನನಗ ಹೇಳಿದ್ರ ಏನಾಗ್ತದ? ಅಲ್ಲಿ, ಕ್ಲಬ್ಬಿನವರ ಮುಂದ ಹೇಳಬೇಕಿತ್ತು."

ಇಬ್ಬರಿಗೂ ಮಜ್ಜಿಗೆ ಕೊಟ್ಟ. ಮತ್ತೆ ಬೇಲಿ ಕಟ್ಟಲು ಹೋದ.

ಆ ವರ್ಷವೇ ಅವರು ಅಫಜಲಪುರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಮರುವರ್ಷ ಮಳೆಗಾಲದಲ್ಲಿ ವಿಷಮಜ್ವರಕ್ಕೆ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿ, ನಾನು ಹೋಗುವಷ್ಟರಲ್ಲಿ ವಾರವಾಗಿತ್ತು. ಅವರ ಹೆಂಡತಿ ನೀಲಮ್ಮ ಬಾಗಿಲಲ್ಲಿ ಕೂತಿದ್ದರು.

"ಜ್ವರ ಬಂದಾಗ ನೆಲೋಗಿಗೆ ಕಾಗದ ಬರಸು ಅಂದಿದ್ರು, ಬರಸಿದ್ದೆ. ಮಣ್ಣಾದ ಎರಡ ದಿನಕ್ಕ ಅಲ್ಲಿಂದ ಒಬ್ಬರು ನಡಕೋತ ಬಂದ್ರಿ. ಒಳಗ ಬರ್ರಿ ಅಂದ್ರ ಬರಲಿಲ್ಲ. 'ನಾನೂ ತಡಾ ಮಾಡಿದೆ, ತಂಗಿ' ಅಂದ್ರು. ಮಣ್ಣ ಮಾಡಿದ ಜಾಗಾ ಎಲ್ಲಿ ಅಂತ ಕೇಳ್ಕೊಂಡು ಹೋಗಿ, ಸಂಜೀತನಕ ಮಳಿಯಾಗ ಅಲ್ಲೇ ಕುಂತಿದ್ರಂತ."