ತೋರಿಬಿಯಾ ಟರ್ಕಿ ಕೋಳಿ ಹೊತ್ತು ಕುಣಿದದ್ದು

ನಮ್ಮ ಸಾನ್ ಸಿಪ್ರಿಯಾನೊದಲ್ಲಿ ಮದುವೆಯಾಗುವುದು ಸುಲಭ, ಆಯಿತೆಂದು ಊರನ್ನು ಒಪ್ಪಿಸುವುದು ಕಷ್ಟ. ಕಚೇರಿಯಲ್ಲಿ ಸಹಿ ಹಾಕಿ, ಚರ್ಚಿನಲ್ಲಿ ಮೊಣಕಾಲೂರಿ, ಏನೇ ಮಾಡಿ. ಗಂಡಿನ ಕಡೆಯವರು ಜೀವಂತ ಟರ್ಕಿ ಕೋಳಿಯನ್ನು ತೋಳಲ್ಲಿ ಎತ್ತಿಕೊಂಡು ಬೀದಿಯುದ್ದಕ್ಕೂ ಕುಣಿಯುತ್ತ ಬರಬೇಕು, ಹೆಣ್ಣಿನ ತಾಯಿ ಬಾಗಿಲಲ್ಲಿ ನಿಂತು ಅದನ್ನು ಕೈಗೆ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಅದು ಮದುವೆಯಲ್ಲ. ಆ ಕೋಳಿಗಳನ್ನು ಸಾಕಿ ಕೊಡುವವಳು ನನ್ನ ಪಕ್ಕದ ಮನೆಯ ತೋರಿಬಿಯಾ. ಊರಿನ ಅರ್ಧ ಸಂಸಾರಗಳು ಅವಳ ಹಿತ್ತಲಿನಿಂದಲೇ ಶುರುವಾದವು. ಅಂಥವಳ ಮಗಳ ಮದುವೆ ಬಂದಾಗ ಊರಿಗೆ ಇದ್ದಕ್ಕಿದ್ದಂತೆ ಮನಸ್ಸಾಕ್ಷಿ ಹುಟ್ಟಿಕೊಂಡಿತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಗಳು ನಯೇಲಿ ಬೈಕ್ ರಿಪೇರಿ ಮಾಡುವವಳು. ಅವಳು ಮೆಚ್ಚಿದ್ದು ಕೆಳಗಿನ ಕೇರಿಯ ಲೆಯೊನಿಲಾಳ ಮಗಳನ್ನು, ಶಾಲೆಯ ಟೀಚರ್ ಒದಿಲಿಯಾಳನ್ನು. ಸುದ್ದಿ ತಿಳಿದ ದಿನ ತೋರಿಬಿಯಾ ಮಗಳಿಗೆ ಊಟ ಬಡಿಸಲಿಲ್ಲ. ಮರುದಿನ ಬಡಿಸಿದಳು.

"ಆ ಹುಡ್ಗಿಗೆ ಅಡ್ಗೆ ಬರುತ್ತಾ?"

"ಇಲ್ಲಮ್ಮ."

"ನಿಂಗೂ ಬರಲ್ಲ. ಇಬ್ರೂ ಉಪವಾಸ ಬೀಳ್ತೀರಿ, ಬಿಡು."

ಅಲ್ಲಿಗೆ ಒಪ್ಪಿಗೆ ಕೊಟ್ಟಂತಾಯಿತು.

ನಮ್ಮೂರ ನೋಂದಣಿ ಅಧಿಕಾರಿ ಇಬ್ಬರ ಹೆಸರು ನೋಡಿದವನೇ ಪೆನ್ನು ಕೆಳಗಿಟ್ಟ.

"ಕಾನೂನಿದೆ, ಇಲ್ಲ ಅನ್ನಲ್ಲ ದೋನ್ಯಾ ತೋರಿಬಿಯಾ. ಆದ್ರೆ ನನ್ನ ಮನಸ್ಸಾಕ್ಷಿ ಒಪ್ಪಲ್ಲ."

"ನಿನ್ನ ಮನಸ್ಸಾಕ್ಷಿ ನಿಂದು ಕಣಪ್ಪ, ಅದನ್ನ ಕಿತ್ಕೊಳ್ಳೋಕೆ ನಾನ್ಯಾರು? ಮನೇಲಿಟ್ಟು ದೀಪ ಹಚ್ಚು. ಈ ಸೀಲು ಊರಿಂದು. ಅದ್ಯಾಕೆ ಮುಖ ತಿರುಗಿಸ್ಕೊಂಡು ಕೂತಿದೆ?"

"ಕೂಗಾಡ್ಬೇಡಿ."

"ನಿನ್ನ ಮದ್ವೆಗೆ ಕೋಳಿ ಕೊಟ್ಟಾಗ ನಿನ್ನ ಹೆಂಡ್ತಿ ಬಸುರಿ. ನಾನೂ ಮನಸ್ಸಾಕ್ಷಿ ಅಂತ ಹಿತ್ತಲ ಬಾಗ್ಲು ಹಾಕ್ಕೊಂಡಿದ್ರೆ ಏನ್ ಮಾಡ್ತಿದ್ದೆ?"

ಅವನ ಮುಖ ಕೆಂಪಗಾಯಿತೇ ಹೊರತು ಸೀಲು ಬೀಳಲಿಲ್ಲ. ಹುಡುಗಿಯರು ಬಸ್ಸು ಹತ್ತಿ ವಾಹಾಕಾ ನಗರಕ್ಕೆ ಹೋಗಿ ಸಹಿ ಮಾಡಿ ಬಂದರು.

ಆಮೇಲೆ ಪಾದ್ರಿಗಳು ಬಂದರು. ಚರ್ಚಿನಲ್ಲಿರುವ ಮಾತೆಯ ವಿಗ್ರಹಕ್ಕೆ ಹಬ್ಬದ ಉಡುಪು ತೊಡಿಸುವ ಸೇವೆ ತೋರಿಬಿಯಾಳದು, ಅವಳ ತಾಯಿಯಿಂದ ಬಂದದ್ದು. ಕೋಳಿ ಕುಣಿತ ನಡೆದರೆ ಆ ಸೇವೆ ಬೇರೆಯವರ ಪಾಲಾಗುತ್ತದೆ ಎಂದರು.

"ಚರ್ಚಲ್ಲಿ ಮದ್ವೆ ಮಾಡ್ಸಿ ಅಂತ ನಾನು ಕೇಳಿಲ್ಲ ಫಾದರ್. ಅದು ನಿಮ್ಮ ನಂಬಿಕೆ. ನನ್ನ ಅಂಗಳದಲ್ಲಿ ನನ್ನ ನಂಬಿಕೆ."

ಅವರು ಹೋದ ಮೇಲೆ ಸೆರಗಿನಂತೆ ಶಾಲನ್ನು ಬಾಯಿಗೊತ್ತಿಕೊಂಡು ಅತ್ತಳು. ಆ ಸೇವೆಯೆಂದರೆ ಅವಳಿಗೆ ಪ್ರಾಣ.

ಮದುವೆಯ ದಿನ ತೋರಿಬಿಯಾಳ ಮನೆಯಲ್ಲಿ ಒಣಮೆಣಸಿನಕಾಯಿಯ ಕಪ್ಪು ಗೊಜ್ಜು ಕುದಿದು ಗಟ್ಟಿಯಾಯಿತು, ಕುಡಿಯುವ ಚಾಕೊಲೇಟು ನೊರೆಗಟ್ಟಿತು. ನಾವೆಲ್ಲ ಹೊಸ ಬಟ್ಟೆ ಉಟ್ಟು ಬೀದಿ ನೋಡುತ್ತ ಕೂತೆವು. ಬ್ಯಾಂಡಿನವರು ಮೊದಲೇ ಕೈಕೊಟ್ಟಿದ್ದರು, ಅವರ ತುತ್ತೂರಿಗೂ ಮನಸ್ಸಾಕ್ಷಿಯಂತೆ. ಬಿಸಿಲು ನೆತ್ತಿಯಿಂದ ಇಳಿಯಿತು. ಲೆಯೊನಿಲಾಳ ಮನೆಯವರ ಸುಳಿವೇ ಇಲ್ಲ. ಬೇಲಿಯಾಚೆಯಿಂದ ಒಬ್ಬಳು ಕೇಳಿದಳು: "ಏನ್ ತೋರಿಬಿಯಕ್ಕಾ, ಬೀಗ್ರಿಗೆ ದಾರಿ ಮರ್ತೋಯ್ತಾ?" ಪಾದ್ರಿಗಳು ಆ ಮನೆಗೂ ಹೋಗಿದ್ದರೆಂದು ಇನ್ನೊಬ್ಬಳು ಸೇರಿಸಿದಳು. ಲೆಯೊನಿಲಾ ಹೆದರಿ ಹಿಂದೆ ಸರಿದಳೆಂದೇ ನಾವೆಲ್ಲ ಅಂದುಕೊಂಡೆವು.

ನಯೇಲಿ ಫೋನ್ ತೆಗೆದಳು. ತೋರಿಬಿಯಾ ಕಿತ್ತುಕೊಂಡು ಜೇಬಿಗಿಳಿಸಿದಳು. "ಫೋನ್ ಮಾಡಿ ಕರೆಸ್ಕೊಳ್ಳೋ ಬೀಗ್ರು ನಮಗೆ ಬೇಡ."

"ಹೋಗ್ಲಿ ಬಿಡಮ್ಮ. ನಾವಿಬ್ರೂ ಊರು ಬಿಟ್ಟು ಹೋಗ್ತೀವಿ."

ಆ ಮಾತು ಅವಳನ್ನು ಎಬ್ಬಿಸಿತು. ನೇರವಾಗಿ ಹಿತ್ತಲಿಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಟರ್ಕಿ ಹುಂಜವನ್ನು ಬಾಚಿ ಎತ್ತಿಕೊಂಡು ಬಂದಳು.

"ಹೆಣ್ಣಿನ ಕಡೆಯೋರು ಕೋಳಿ ಹೊತ್ಕೊಂಡು ಹೋಗೋದುಂಟೇನೇ? ಮಾನ ಹೋಗುತ್ತೆ," ಎಂದೆ ನಾನು.

"ಮಗಳೇ ಊರು ಬಿಡ್ತೀನಿ ಅಂತಾಳೆ, ಮಾನ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ನೀನು ಬ್ರೆಡ್ಡಿನ ಬುಟ್ಟಿ ಎತ್ಕೊ."

ಬ್ಯಾಂಡಿಲ್ಲದಿದ್ದರೆ ಏನು, ಬಾಯಲ್ಲೇ ಕೋಳಿ ಕುಣಿತದ ರಾಗ ಹೇಳುತ್ತ ಅವಳು ಬೀದಿಗಿಳಿದಳು. ಹುಂಜ ಅವಳ ತೋಳು ಪರಚಿ ರಕ್ತ ಬರಿಸಿತು. ನಯೇಲಿಯೂ ನಾನೂ ಹಿಂದೆ, ನಮ್ಮ ಹಿಂದೆ ನಗಲೆಂದು ಬಂದವರು. ಚರ್ಚಿನ ಬಾಗಿಲಲ್ಲಿ ಗಂಟೆ ಹೊಡೆಯುವವನು ನಿಂತಿದ್ದ.

"ದೋನ್ಯಾ ತೋರಿಬಿಯಾ, ಫಾದರ್ ನೋಡ್ತಿದಾರೆ."

"ನೋಡ್ಲಿ. ಇಲ್ಲೊಂದು ಸುತ್ತು ಜಾಸ್ತಿನೇ ಕುಣೀತೀನಿ."

ಕುಣಿದಳು. ಮಾತೆಯ ಸೇವೆ ಅಂದೇ ಕೈತಪ್ಪಿತು, ಇವತ್ತಿಗೂ ವಾಪಸ್ ಸಿಕ್ಕಿಲ್ಲ.

ಲೆಯೊನಿಲಾಳ ಬಾಗಿಲು ತೆರೆದೇ ಇತ್ತು. ಒಳಗೆ ಮೇಜುಗಳ ಮೇಲೆ ತಟ್ಟೆ ಜೋಡಿಸಿತ್ತು, ಗೊಜ್ಜು ಆರಿ ಕೆನೆಗಟ್ಟಿತ್ತು. ನಡುವೆ ಲೆಯೊನಿಲಾ ಹೊಸ ಲಂಗ ತೊಟ್ಟು, ಅತ್ತು ಕಣ್ಣು ಊದಿಸಿಕೊಂಡು, ಒದಿಲಿಯಾಳ ಫೋನನ್ನು ಮಡಿಲಲ್ಲಿ ಅದುಮಿಕೊಂಡು ಕೂತಿದ್ದಳು.

"ಈಗ ಬಂದ್ಯಾ? ಬೆಳಗ್ಗೆಯಿಂದ ಊರೆಲ್ಲ ನನ್ನ ನೋಡಿ ನಗ್ತಿದೆ."

"ನೀನ್ಯಾಕೆ ಬರ್ಲಿಲ್ಲ?"

"ನಾನ್ಯಾಕೆ ಬರ್ಲಿ? ನಮ್ದು ಹೆಣ್ಣಿನ ಕಡೆ."

"ನಮ್ದೇನು ಗಂಡಿನ ಕಡೆನಾ?"

ಕಚೇರಿ, ಚರ್ಚು, ಬ್ಯಾಂಡು ಅಂತ ಎಲ್ಲರ ಜೊತೆ ಬಡಿದಾಡುವ ಗಡಿಬಿಡಿಯಲ್ಲಿ ಯಾರು ಯಾರ ಮನೆಗೆ ಹೋಗಬೇಕೆಂದು ಯಾವ ಕತ್ತೆಯೂ ಯೋಚಿಸಿರಲಿಲ್ಲ, ನನ್ನನ್ನೂ ಸೇರಿಸಿ. ಮೊದಲು ನಕ್ಕವಳು ಒದಿಲಿಯಾ.

ಲೆಯೊನಿಲಾ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು. ಬೀದಿಯ ಗುಂಪಿನಲ್ಲಿ ಯಾರೋ ಕೊಂಕಿನಿಂದ, "ಹಾಗಾದ್ರೆ ಇಲ್ಲಿ ಗಂಡಿನ ಕಡೆ ಯಾರಪ್ಪ?" ಎಂದರು. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಎರಡೂ ಕೈ ಚಾಚಿ ಹುಂಜವನ್ನು ತೆಗೆದುಕೊಂಡಳು. ನಾವು ಒಳಗೆ ಹೋಗಲು ಹೆಜ್ಜೆಯಿಟ್ಟರೆ ಅವಳು ಅಡ್ಡ ನಿಂತಳು.

"ನಡೀರಿ, ಈಗ ನಿಮ್ಮ ಮನೆಗೆ. ನನ್ನ ಮಗಳನ್ನ ಸುಮ್ನೆ ಕೊಡಲ್ಲ, ನಿನ್ನ ಮಗಳನ್ನೂ ಕೇಳೋಕೆ ಬರ್ತೀನಿ. ಆ ಚರ್ಚಿನ ಮುಂದೇನೇ ಹೋಗೋಣ."

ಅದೇ ಕೋಳಿ ಲೆಯೊನಿಲಾಳ ತೋಳಲ್ಲಿ ಅದೇ ಬೀದಿಯಲ್ಲಿ ಕುಣಿಯುತ್ತ ವಾಪಸ್ ಬಂತು. ನಗಲು ಬಂದವರಲ್ಲಿ ಕೆಲವರು ಚಪ್ಪಾಳೆ ತಟ್ಟತೊಡಗಿದ್ದರು. ತೋರಿಬಿಯಾ ಮುಂದೆ ಓಡಿ ತನ್ನ ಹೊಸ್ತಿಲ ಮೇಲೆ ನಿಂತಳು. ನಯೇಲಿಯ ಅಪ್ಪ ಬಸುರಿಯಾಗಿದ್ದ ಅವಳನ್ನು ಬಿಟ್ಟು ದುಡಿಯಲೆಂದು ಗಡಿ ದಾಟಿ ಉತ್ತರಕ್ಕೆ ಹೋದವನು ತಿರುಗಿ ಬರಲಿಲ್ಲ. ಊರಿಗೆಲ್ಲ ಮದುವೆಯ ಕೋಳಿ ಕೊಟ್ಟವಳ ಬಾಗಿಲಿಗೆ ಒಂದು ಕೋಳಿಯೂ ಕುಣಿಯುತ್ತ ಬಂದಿರಲಿಲ್ಲ. ಲೆಯೊನಿಲಾ ಹುಂಜವನ್ನು ಮುಂದೆ ಹಿಡಿದಾಗ ತೋರಿಬಿಯಾ ಎರಡೂ ತೋಳಲ್ಲಿ ಬಿಗಿಯಾಗಿ ಅಪ್ಪಿಕೊಂಡಳು.

"ಒಳಗೆ ಬನ್ನಿ ಬೀಗ್ತಿ," ಎಂದಳು, ಬೇಲಿಯಾಚೆಗೂ ಕೇಳುವ ಹಾಗೆ.