ಗೌಡನ ಮೀಸಿ

“ನಾ ಸತ್ರೂ ಮೀಸಿ ತಗೀಬ್ಯಾಡ್ರಿ, ಆ ಹುಡುಗರ ಕೆಲಸ ಕೆಡ್ತೈತಿ,” ಅಂದಳು ನನ್ನ ಹೆಂಡತಿ. ಅದೇ ಅವಳ ಕೊನೆಯ ಮಾತು.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ಜವಾನ. ಅಲ್ಲಿಯ ಸಿನಿಮಾ ಸಂಘದ ಹುಡುಗರು ಟೀವಿ ಧಾರಾವಾಹಿ ಮಾಡುತ್ತಿದ್ದರು. ಅದರಲ್ಲಿ ನಾನು ಊರ ಗೌಡ. ಮೂರು ಕಂತು ಮುಗಿದಿದ್ದವು, ಕೊನೆಯದು ಉಳಿದಿತ್ತು. ನಮಗೆ ಮಕ್ಕಳಿಲ್ಲ. ಕೊಳ್ಳಿ ನಾನೇ ಇಟ್ಟೆ. ಪದ್ಧತಿಯಂತೆ ಮೀಸೆ ಬೋಳಿಸಿದರು. ಬ್ಯಾಡ ಅನ್ನಲು ಬಾಯಿ ಬರಲಿಲ್ಲ.

ಹದಿನಾಲ್ಕನೇ ದಿನ ಕಾಲೇಜಿಗೆ ಹೋದೆ. ಬಾಡಿಗೆ ಕ್ಯಾಮೆರಾ ಮರುದಿನ ಸಂಜೆಗೆ ಹುಬ್ಬಳ್ಳಿಗೆ ವಾಪಸ್ ಹೋಗಬೇಕಿತ್ತು. ಕಥೆ ಬರೆದ ಸರೋಜಾ ನನ್ನ ಮುಖ ನೋಡಿ ಹಾಳೆ, ಪೆನ್ನು ತೆಗೆದಳು.

“ಕಾಕಾ, ಗೌಡನ ಹೆಂಡ್ತೀನೂ ತೀರಿಕೊಂಡಳಂತ ಬರೀತೀನ್ರಿ. ಮೀಸಿ ಯಾಕಿಲ್ಲಂತ ಯಾರೂ ಕೇಳೂದಿಲ್ಲ.”

“ಬ್ಯಾಡವಾ. ಅಕಿ ಅಲ್ಲಿಯಾದ್ರೂ ಇರ್ಲಿ.”

“ಮತ್ತ ಮೀಸಿ?”

ಮರುದಿನ ಬೆಳಿಗ್ಗೆ ದೊಡ್ಡಾಟದ ಮಾಸ್ತರರ ಮನೆಗೆ ಹೋಗಿ, ರಾವಣನ ಮೀಸೆ ಕೇಳಿ ತಂದು ಅಂಟಿಸಿಕೊಂಡೆ. ನನ್ನದಕ್ಕಿಂತ ಬಲು ದೊಡ್ಡದು. ಕ್ಯಾಮೆರಾ ಮುಂದೆ ಬಂದಾಗ, ಗೌಡನ ಹೆಂಡತಿ ಆಗಿದ್ದ ಹುಡುಗಿ ನೋಡಿ ನಕ್ಕುಬಿಟ್ಟಳು. ನಗಲಿ ಅಂತ ಸುಮ್ಮನೆ ಕೂತೆ.