ಬಿಚ್ಚದ ನಾಲ್ಕು ಗಂಟು

ಬಸ್ ಡಿಪೋದಲ್ಲಿ ಎಲ್ಲರೂ ಅವನನ್ನು ಮೂಗಪ್ಪ ಎನ್ನುತ್ತಿದ್ದರು. ಹಾಗೆಂದು ಅವನೇನೂ ಮೂಗನಲ್ಲ. ಕ್ಯಾಂಟೀನಿನ ಬೆಂಚಿನ ಮೇಲೆ ಕೂತರೆ ನಾಲ್ಕು ಜನರ ಮಾತನ್ನು ಒಬ್ಬನೇ ಆಡುವ ಆಸಾಮಿ. ಆದರೆ ಬಸ್ಸು ಹತ್ತಿ ಸ್ಟೇರಿಂಗ್ ಹಿಡಿದನೆಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. 'ಚಾಲಕರೊಡನೆ ಮಾತನಾಡಬೇಡಿ' ಎಂಬ ಬೋರ್ಡು ಎಲ್ಲ ಬಸ್ಸಿನಲ್ಲೂ ಇರುತ್ತದೆ. ಜನ ಅದನ್ನು ಓದಿ ಮುಗಿಸಿದ ಮೇಲೇ ಚಾಲಕರೊಡನೆ ಮಾತು ಶುರು ಮಾಡುತ್ತಾರೆ. ಎಷ್ಟು ಹೊತ್ತಿಗೆ ತಲುಪುತ್ತೀರಿ, ಮಳೆ ಬರಬಹುದಾ, ನಿಮಗೆಷ್ಟು ಮಕ್ಕಳು. ಮೂಗಪ್ಪ ಉತ್ತರ ಕೊಡುತ್ತಿರಲಿಲ್ಲ. ಸ್ಟೇರಿಂಗ್ ಮೇಲಿದ್ದ ಕೈಯ ತೋರುಬೆರಳನ್ನು ಮಾತ್ರ ಮೇಲೆತ್ತುತ್ತಿದ್ದ. ತಾಳಿ, ಬಸ್ಸು ನಿಲ್ಲಲಿ ಎಂದು ಅದರರ್ಥ. ಮೂವತ್ತು ವರ್ಷದಲ್ಲಿ ಎಷ್ಟು ಜನ ಅವನನ್ನು ಸೊಕ್ಕಿನವನೆಂದು ಬೈದುಕೊಂಡು ಇಳಿದು ಹೋದರೋ.

ಈ ಹಟಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಕಂಡಕ್ಟರ್ ಪಕ್ಕದಲ್ಲಿ ನಿಂತು ಮ್ಯಾನೇಜರ್ ಬಗ್ಗೆ ಒಂದು ತಮಾಷೆ ಹೇಳಿದ್ದ. ಇವನು ನಗುತ್ತ ಅವನ ಮುಖ ನೋಡಲೆಂದು ಕತ್ತು ತಿರುಗಿಸಿದ. ಅಷ್ಟೇ. ಮತ್ತೆ ರಸ್ತೆಯ ಕಡೆ ನೋಡುವಷ್ಟರಲ್ಲಿ ಸೈಕಲ್ಲಿನ ಮೇಲೆ ಬ್ರೆಡ್ಡು ಮಾರುವವನೊಬ್ಬ ಬಸ್ಸಿನಡಿಗೆ ಬಿದ್ದಿದ್ದ. ಜೀವ ಉಳಿಯಿತು, ಒಂದು ಕಾಲು ಹೋಯಿತು. ರಸ್ತೆ ತುಂಬ ಬ್ರೆಡ್ಡು ಚೆಲ್ಲಾಡಿತ್ತು. ಆ ತಮಾಷೆ ಅವನಿಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ, ಯಾರಿಗೂ ಹೇಳಿಲ್ಲ.

ಇಂಥವನಿಗೆ ಸಿಕ್ಕಿದ ಹೆಂಡತಿಯೋ, ಮಾತಿನ ಮಲ್ಲಿ. ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವ ಕೆಲಸ ಅವಳದು. ಕೈಗೆ ಸೂಜಿ, ಬಾಯಿಗೆ ಊರ ಸುದ್ದಿ. ಅವನು ನಿವೃತ್ತನಾದ ವರ್ಷ ಇಬ್ಬರೂ ಸೇರಿ ಒಂದು ಹಳೆ ಕಾರು ಕೊಂಡರು. ಮೊದಲ ದಿನ ಕಾರು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅವಳು ಮೂರು ಮನೆಯ ಕಥೆ ಮುಗಿಸಿದ್ದಳು. ಅವನು ಬೆರಳೆತ್ತಿದ. ಅವಳ ಮುಖ ಊದಿತು. ಅವನು ಕಾರನ್ನು ಬದಿಗೆ ನಿಲ್ಲಿಸಿ, ಮದುವೆಯಾದಂದಿನಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಬ್ರೆಡ್ಡಿನವನ ಸಂಗತಿ ಹೇಳಿದ. ಅಲ್ಲಿಂದ ಮುಂದೆ ಓಡುವ ಕಾರಿನಲ್ಲಿ ಅವಳು ಒಂದು ಮಾತೂ ಆಡಿದ್ದಿಲ್ಲ.

ಆಡದಿದ್ದರೇನು, ಮಾತು ಬಿಡುವವಳಲ್ಲ ಅವಳು. ಅಂಗಡಿಯಲ್ಲಿ ಉಳಿದ ಬಟ್ಟೆಯಿಂದ ಒಂದು ದೊಡ್ಡ ಕರವಸ್ತ್ರ ಹೊಲಿದುಕೊಂಡಳು. ದಾರಿಯಲ್ಲಿ ಹೇಳಬೇಕೆನಿಸಿದ ಒಂದೊಂದು ಮಾತಿಗೂ ಅದರಲ್ಲಿ ಒಂದೊಂದು ಗಂಟು. ಅವನು ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಕರ್ರ್ ಎಂದು ಎಳೆದ ಕೂಡಲೇ, "ಈಗ ಬಿಚ್ಲಾ?" ಎನ್ನುವಳು. ಈ ಗಂಟು ಅಂಗಡಿ ಯಜಮಾನನ ಸೊಸೆಯದು, ಇದು ಆ ಹಳದಿ ಮನೆಯ ವಕ್ರ ಗೇಟಿನದು, ಇದು ನೀವು ಆ ತಿರುವಿನಲ್ಲಿ ಜೋರಾಗಿ ಹೋದಿರಲ್ಲ ಅದರದು. ಒಮ್ಮೆ ದೂರದ ಪ್ರಯಾಣದಲ್ಲಿ ಹನ್ನೊಂದು ಗಂಟಾಗಿ ಬಟ್ಟೆಯೇ ಸಾಲದೆ ಹೋಯಿತು. ಮುಂದಿನ ಸಲ ಹೊದಿಕೆ ತರುತ್ತೇನೆ ಎಂದಳು. ಎಲ್ಲ ಬಿಚ್ಚಿದ ಮೇಲೆ ಅವನು, "ಇನ್ನೇನಾದ್ರೂ ಇದ್ಯಾ?" ಎಂದು ಕೇಳುವುದು ವಾಡಿಕೆ. ಇಲ್ಲ ಎಂದು ಅವಳು ಹೇಳಿದ ಮೇಲೇ ಹ್ಯಾಂಡ್‌ಬ್ರೇಕ್ ಇಳಿಯುತ್ತಿತ್ತು. ನಿಜ ಹೇಳಬೇಕೆಂದರೆ, ಅವಳ ಗಂಟುಗಳನ್ನು ಕೇಳುವ ಆಸೆಗೆ ಅವನು ನಿಲ್ಲಿಸಬೇಕಿಲ್ಲದ ಕಡೆಯೂ ನಿಲ್ಲಿಸುತ್ತಿದ್ದ. ಎಂಟು ವರ್ಷ ಹೀಗೆ ಸುಖವಾಗಿ ಕಳೆಯಿತು.

ಅವತ್ತು ಮಗಳ ಮನೆಯಿಂದ ಮಧ್ಯಾಹ್ನ ಹೊರಟಿದ್ದರು. ಎರಡು ಗಂಟೆಯ ದಾರಿ. ಮೇಲ್ಸೇತುವೆಯ ಮೇಲೆ ಎರಡೂ ಕಡೆ ಲಾರಿ, ಹಿಂದೊಬ್ಬ ಅವಸರದವನು. ಆಗ ಅವಳ ಕೈ ಬಂದು ಅವನ ಮೊಣಕೈಯನ್ನು ಮುಟ್ಟಿತು. ಎಂಟು ವರ್ಷದಲ್ಲಿ ಓಡುವ ಕಾರಿನಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೊಂದೇ ಸಲ. ಅವನು ರಸ್ತೆಯಿಂದ ಕಣ್ಣು ಕೀಳದೆ ಬೆರಳೆತ್ತಿದ. ಕೈ ಹಿಂದೆ ಹೋಯಿತು.

ಸೇತುವೆ ಇಳಿದೊಡನೆ ಪೆಟ್ರೋಲ್ ಬಂಕ್ ಇತ್ತು. ಒಳಗೆ ತಿರುಗಿಸಬಹುದಿತ್ತು. ಇನ್ನು ಹದಿನೈದು ನಿಮಿಷ ಹೋದರೆ ಯಾವಾಗಲೂ ನಿಲ್ಲುವ ಟೀ ಅಂಗಡಿ ಸಿಗುತ್ತದೆ, ಅಲ್ಲಿ ನೆರಳೂ ಇದೆ ಎಂದುಕೊಂಡು ಮುಂದೆ ಹೋದ. ಟೀ ಅಂಗಡಿಯ ಮರದ ಕೆಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, "ಬಿಚ್ಚು" ಎಂದ. ಅವಳ ತಲೆ ಕಿಟಕಿಯ ಗಾಜಿಗೆ ಒರಗಿತ್ತು. ಮುಷ್ಟಿಯಲ್ಲಿ ಕರವಸ್ತ್ರ, ಕರವಸ್ತ್ರದಲ್ಲಿ ನಾಲ್ಕು ಗಂಟು. ನಾಲ್ಕನೆಯದನ್ನು ಬಿಗಿಯಾಗಿ ಎಳೆದಿರಲಿಲ್ಲ.

ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. ಹದಿನೈದು ನಿಮಿಷ ಮುಂಚೆ ಬಂದಿದ್ದರೆ ಎಂದು ಅವನು ಕೇಳಿದ. ಡಾಕ್ಟರು ಒಳ್ಳೆಯವರು, ಹೇಳಕ್ಕಾಗಲ್ಲ ಯಜಮಾನ್ರೆ ಎಂದು ಭುಜ ಮುಟ್ಟಿ ಹೋದರು. ಅಷ್ಟರಲ್ಲಿ ಮಗಳು ಓಡೋಡಿ ಬಂದಳು. ಅಮ್ಮ ಏನೂ ಹೇಳಲಿಲ್ಲವಾ, ನೋವು ಎನ್ನಲಿಲ್ಲವಾ ಎಂದು ಅವನ ಎರಡೂ ಕೈ ಹಿಡಿದು ಕೇಳಿದಳು.

"ನಿದ್ದೆ ಮಾಡ್ತಿದ್ಲು ಅನ್ಕೊಂಡೆ" ಎಂದುಬಿಟ್ಟ.

ಆ ಒಂದು ಸುಳ್ಳು ಮಗಳಿಗೆ ಊರುಗೋಲಾಯಿತು. ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ಬಂದವರೂ ಪುಣ್ಯಾತ್ಗಿತ್ತಿ, ನರಳದೆ ನಿದ್ದೆಯಲ್ಲೇ ಹೋದಳು ಎಂದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಅವನು ಕಾರಿಗೆ ಹೊದಿಕೆ ಹಾಕಿದವನು ಮತ್ತೆ ತೆಗೆಯಲಿಲ್ಲ. ಕರವಸ್ತ್ರ ಅಂಗಿಯ ಜೇಬು ಸೇರಿತು. ಒಂದು ಗಂಟು ಮಗಳ ಮನೆಯ ಹೊಸ ಪರದೆಯದಿರಬೇಕು, ಹೊರಡುವಾಗ ಅದನ್ನು ಎರಡು ಸಲ ಮುಟ್ಟಿ ನೋಡಿದ್ದಳು. ಇನ್ನೆರಡು ಏನೋ, ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ. ನಾಲ್ಕನೆಯದು ಮಾತ್ರ ಗೊತ್ತಿತ್ತು.

ಐದು ತಿಂಗಳು ಕಳೆಯಿತು. ಮಗಳು ವಾರಕ್ಕೊಮ್ಮೆ ಬಂದು ಅವನನ್ನು ತನ್ನ ಕಾರಿನಲ್ಲಿ ಮನೆಗೆ ಕರೆದುಕೊಂಡು ಹೋಗುವಳು, ಎದುರು ಕೂತು ಬಡಿಸುವಳು. ಅವಳಿಗೆ ಡ್ರೈವಿಂಗ್ ಕಲಿಸಿದವನು ಅವನೇ. ಅಪ್ಪನ ಹಾಗೆಯೇ ಫೋನು ಆಫ್ ಮಾಡಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟು, ಬಾಯಿ ಮುಚ್ಚಿಕೊಂಡು ಓಡಿಸುತ್ತಿದ್ದಳು. ಅವನು ಈಗ ಹೆಂಡತಿ ಕೂರುತ್ತಿದ್ದ ಕಡೆ ಕೂರುತ್ತಿದ್ದ. ಮಗಳು ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಹೇಳಿದರೆ ಅವಳ ಊರುಗೋಲು ಮುರಿಯುತ್ತದೆ, ಮತ್ತೆ ಅಪ್ಪಾ ಎನ್ನುವಳೋ ಇಲ್ಲವೋ. ಹೇಳದಿದ್ದರೆ ಅವಳು ತೋರಿಸುವ ಅಕ್ಕರೆಯನ್ನೆಲ್ಲ ಕದ್ದು ತಿಂದ ಹಾಗೆ.

ಒಂದು ದಿನ ಮಗಳು ಅವನನ್ನು ವಾಪಸು ಮನೆಗೆ ಬಿಡಲು ಬರುವಾಗ ಅದೇ ಮೇಲ್ಸೇತುವೆಯ ಮೇಲೆ, ಪಕ್ಕದಲ್ಲಿ ಲಾರಿ ಹೋಗುತ್ತಿರುವಾಗ, ಅವನ ಕೈ ತಾನಾಗಿ ಚಾಚಿ ಮಗಳ ಮೊಣಕೈಯನ್ನು ಮುಟ್ಟಿತು.

ಅವಳು ಅವನ ಕಡೆ ತಿರುಗಲಿಲ್ಲ. ಬೆರಳನ್ನೂ ಎತ್ತಲಿಲ್ಲ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಲಾರಿಯನ್ನು ಮುಂದೆ ಬಿಟ್ಟು ಸೇತುವೆ ಇಳಿದಳು. ಪೆಟ್ರೋಲ್ ಬಂಕಿಗೆ ತಿರುಗಿಸಿ, ಗಾಳಿ ಹಾಕುವ ಯಂತ್ರದ ಪಕ್ಕ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಸಾಕಿತ್ತು ಎಂದು ಅವನಿಗೆ ಆಗ ಕಣ್ಣಾರೆ ಕಂಡಿತು.

"ಹೇಳಿ ಅಪ್ಪ" ಎಂದಳು.

ಅವನು ಹೇಳಿದ. ಮೊಣಕೈ, ಬೆರಳು, ಇದೇ ಬಂಕ್, ಟೀ ಅಂಗಡಿಯ ನೆರಳು, ಒಂದನ್ನೂ ಮುಚ್ಚಿಡಲಿಲ್ಲ. ಮಗಳು ಮುಂದಿನ ಗಾಜನ್ನೇ ನೋಡುತ್ತಿದ್ದಳು.

"ಅಂದ್ರೆ ಅಮ್ಮ ಮಲಗಿರಲಿಲ್ಲ."

"ಇಲ್ಲ ಕಣಮ್ಮ. ನಾನು ನಿಲ್ಸೋದನ್ನೇ ಕಾಯ್ತಿದ್ಲು."

ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತಳು. ಅವನಿಗೆ ಬೆನ್ನು ಸವರುವ ಧೈರ್ಯ ಬರಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಬಿಚ್ಚಲಿಲ್ಲ, ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದಳು. ಸಡಿಲವಾಗಿದ್ದ ನಾಲ್ಕನೆಯದರ ಮೇಲೆ ಬೆರಳು ಬಹಳ ಹೊತ್ತು ನಿಂತಿತು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ, ಅವನೂ ಅದನ್ನು ಬಯಸಿರಲಿಲ್ಲ. ಅಂಗೈಯಿಂದ ಮುಖ ಒರೆಸಿಕೊಂಡು, ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟು, ಹಿಂದಿನ ಸೀಟಿನಲ್ಲಿ ಕೂತು ಎಷ್ಟೋ ಸಲ ಕೇಳಿಸಿಕೊಂಡಿದ್ದ ಅಪ್ಪನ ಮಾತನ್ನೇ ಕೇಳಿದಳು.

"ಇನ್ನೇನಾದ್ರೂ ಇದ್ಯಾ?"

ಐದು ತಿಂಗಳಿಂದ ಬಾರದ ಅಳು ಅವನಿಗೆ ಆಗ ಬಂತು. "ಇದನ್ನ ನಿಮ್ಮಮ್ಮನ್ನ ನಾನು ಇಲ್ಲೇ ಕೇಳ್ಬೇಕಿತ್ತು" ಎಂದ. ಗಾಳಿ ಹಾಕಿಸಲು ಬಂದವನೊಬ್ಬ ಹಿಂದಿನಿಂದ ಎರಡು ಸಲ ಹಾರ್ನ್ ಹೊಡೆದ. ಮಗಳು ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದು, ಇಂಜಿನ್ ಆರಿಸಿ, ಅಪ್ಪನ ಕಡೆ ತಿರುಗಿ ಕೂತಳು.